ಮುದ್ರೆ ಬೀಳದ ಹಿತ್ತಾಳೆ ಪಾವು

ಶಾಂತವೀರಪ್ಪ: ಬಂತಾ?

ಸರ್ವಮಂಗಳಾ: ಇಲ್ಲ.

ಶಾಂತವೀರಪ್ಪ: ಸರಿಯಾಗಿ ನೋಡು. ಹಾ…

ಸರ್ವಮಂಗಳಾ: ಬದನೇಕಾಯಿ ಹುಳಿ ವಾಸನೆ ಬರ್ತಿದೆ. ಇಂಗಿನ ವಾಸನೆ ಬರ್ತಿದೆ. ಅದು ಮಾತ್ರ ಬರ್ತಿಲ್ಲ.

ಶಾಂತವೀರಪ್ಪ: ದಿನಾ ಬೇಡ ಅಂದ್ರೂ ಬರುತ್ತೆ. ಇವತ್ತು ಬೇಕು ಅಂದ್ರೆ ಪತ್ತೇನೇ ಇಲ್ಲ.

ಸರ್ವಮಂಗಳಾ: ಇವತ್ತು ಬಾಗಿಲಿಗೆ ಬೀಗ ಇದೆಯಲ್ಲ, ಅದಕ್ಕೆ ಬಂದಿಲ್ಲ.

ತಿಲಕ್ ನಗರದಲ್ಲಿ ಡಾಕ್ಟರ್ ದೇವದಾಸ್ ಅವರ ಕ್ಲಿನಿಕ್ಕು. ೧೯೭೯ರ ಒಂದು ಭಾನುವಾರ, ಮಧ್ಯಾಹ್ನ ಒಂದೂವರೆ. ಬಾಗಿಲಿಗೆ ಒಳಗಿನಿಂದ ಬೀಗ. ಬೀಗದ ಕೈ ಸರ್ವಮಂಗಳಾ ಅವರ ಸೆರಗಿನ ಗಂಟಿನಲ್ಲಿ. ಅವರ ಪತಿ ಶಾಂತವೀರಪ್ಪ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಬೆಳಿಗ್ಗೆ ಏಳರಿಂದ ಇಲ್ಲೇ ಕುಳಿತಿದ್ದಾರೆ; ಊಟ ಮುಗಿದು ಒಂದು ಗಂಟೆಯಾಗಿದೆ. ಎರಡು ತಿಂಗಳಿಂದ, ಊಟವಾದ ಒಂದೆರಡು ಗಂಟೆಗೆ ಅವರ ಬಾಯಿಂದ ಸಾರಾಯಿ ವಾಸನೆ ಬರುತ್ತದೆ, ಕಾಲು ತಡವರಿಸುತ್ತದೆ. ಹನಿಯನ್ನೂ ಮುಟ್ಟಿಲ್ಲ ಎಂದು ಅವರು ಹೇಳುತ್ತಾರೆ. ಹೆಂಡತಿ ನಂಬಿಲ್ಲ. ಡಾಕ್ಟರಿಗೆ ಬೇರೆಯೇ ಅನುಮಾನ ಬಂದು ಈ ಪರೀಕ್ಷೆ ಹೂಡಿದ್ದಾರೆ: ಮನೆಯ ಊಟವನ್ನೇ ಇಲ್ಲಿ, ಹೆಂಡತಿಯ ಕಣ್ಣೆದುರು, ಬೀಗದೊಳಗೆ ಮಾಡಬೇಕು. ಆಮೇಲೂ ವಾಸನೆ ಬಂದರೆ ಮನುಷ್ಯ ನಿರಪರಾಧಿ. ಬರದಿದ್ದರೆ ಸರ್ವಮಂಗಳಾ ನಾಲ್ಕು ಗಂಟೆಯ ಬಸ್ಸಿಗೆ ತಿಪಟೂರಿಗೆ, ಅಣ್ಣನ ಮನೆಗೆ. ಟ್ರಂಕು ಬೆಂಚಿನ ಪಕ್ಕದಲ್ಲೇ ಇದೆ.

ಡಾಕ್ಟರ್: ಜೇಬೆಲ್ಲ ನೋಡಿದ್ರಾ ತಾಯಿ?

ಸರ್ವಮಂಗಳಾ: ಬಾಗಿಲಲ್ಲೇ ನೋಡಿದೀನಿ. ಕೋಟು, ಚಪ್ಪಲಿ, ಕನ್ನಡಕದ ಡಬ್ಬಿ. ಕೊಡೇನೂ ಬಿಚ್ಚಿ ನೋಡಿದೀನಿ.

ಡಾಕ್ಟರ್: ಕೊರಳಲ್ಲಿರೋ ಬೆಳ್ಳಿ ಕರಡಿಗೆ?

ಇಬ್ಬರೂ: ಡಾಕ್ಟ್ರೇ!

ಸರ್ವಮಂಗಳಾ: ಅದರಲ್ಲಿ ಲಿಂಗ ಇರುತ್ತೆ. ಏನು ಮಾತು ಅಂತ ಆಡ್ತೀರಿ?

ಡಾಕ್ಟರ್: ತಪ್ಪಾಯ್ತು ತಾಯಿ. ಪರೀಕ್ಷೆ ಅಂದ ಮೇಲೆ ಕೇಳ್ಬೇಕಲ್ಲ, ಕೇಳ್ದೆ.

ಎರಡು ತಿಂಗಳಲ್ಲಿ ಗಂಡ ಹೆಂಡತಿ ಒಂದು ವಿಷಯಕ್ಕೆ ಒಪ್ಪಿದ್ದು ಅದೇ ಮೊದಲು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶಾಂತವೀರಪ್ಪ: ಅದೇ ಲಿಂಗಾನ ಅಂಗೈಲಿಟ್ಕೊಂಡು ಪ್ರಮಾಣ ಮಾಡ್ದೆ ಡಾಕ್ಟ್ರೇ. ಇವಳು ನಂಬಲಿಲ್ಲ.

ಸರ್ವಮಂಗಳಾ: ನಂಬಿದ್ದಕ್ಕೇ ರೀ ಅವತ್ತು ಬಸ್ ಹತ್ತಲಿಲ್ಲ. ನೀವು ಪ್ರಮಾಣ ಮಾಡಿದ್ರಿ, ಸರಿ. ನನ್ನ ಮೂಗು ಯಾರನ್ನ ಮುಟ್ಟಿ ಪ್ರಮಾಣ ಮಾಡ್ಬೇಕು?

ಶಾಂತವೀರಪ್ಪ: ಇಪ್ಪತ್ತೆರಡು ವರ್ಷದ ಸರ್ವೀಸು. ಒಬ್ಬ ಅಂಗಡಿಯೋನ ಕೈಯಿಂದ ಒಂದು ಲೋಟ ಕಾಫಿ ಕುಡಿದಿಲ್ಲ.

ಸರ್ವಮಂಗಳಾ: ಕಾಫಿ ವಿಷಯ ಯಾರು ಎತ್ತಿದ್ದು?

ಡಾಕ್ಟರ್ ಗಡಿಯಾರ ನೋಡಿದರು. ಎರಡಾಯಿತು. ಎರಡೂ ಹತ್ತಾಯಿತು. ಶಾಂತವೀರಪ್ಪ ಹೆಂಡತಿಯ ಕಡೆ ಬಾಯಿ ತೆರೆದು ಕಾಯುತ್ತಿದ್ದರು. ಸರ್ವಮಂಗಳಾ ಟ್ರಂಕಿನ ಹಿಡಿ ಸರಿಯಾಗಿದೆಯೇ ಎಂದು ನೋಡಿಕೊಂಡರು. ಎರಡೂ ಇಪ್ಪತ್ತಕ್ಕೆ, ಹಿಡಿಯ ಮೇಲಿದ್ದ ಕೈ ನಿಂತಿತು.

ಸರ್ವಮಂಗಳಾ: ರೀ… ಈ ಕಡೆ ತಿರುಗಿ. ಊದಿ.

ಶಾಂತವೀರಪ್ಪ: ಬಂತಾ?

ಸರ್ವಮಂಗಳಾ: ಇನ್ನೊಂದ್ಸಲ. ಡಾಕ್ಟ್ರೇ, ನೀವೂ ಬನ್ನಿ.

ಡಾಕ್ಟರ್: ಹೂಂ. ಅನುಮಾನವೇ ಇಲ್ಲ.

ಶಾಂತವೀರಪ್ಪ: ಬಂತು! ನೋಡು ಮಂಗಳಾ, ಕಾಲೂ ತಡವರಿಸ್ತಿದೆ! ಕಾಣ್ತಿದ್ಯಾ? ಇನ್ನೂ ಸ್ವಲ್ಪ ತೂರಾಡ್ಲಾ?

ಸರ್ವಮಂಗಳಾ: ಸಾಕು, ಕೂತ್ಕೊಳ್ಳಿ. ಬಿದ್ದೀರಿ.

ಅವರು ಗಂಡನ ತೋಳು ಹಿಡಿದು ಕೂರಿಸಿದರು. ಕೂರಿಸಿದ ಮೇಲೂ ಕೈ ಬಿಡಲಿಲ್ಲ.

ಸರ್ವಮಂಗಳಾ: ಇದೇನು ಡಾಕ್ಟ್ರೇ? ಹುಳಿ, ಅನ್ನ, ಬೆಲ್ಲದ ಹುಗ್ಗಿ. ಇಷ್ಟೇ ತಿಂದಿದ್ದು, ನಾನೇ ನೋಡಿದೀನಿ. ಸಾರಾಯಿ ಎಲ್ಲಿಂದ ಬಂತು?

ಡಾಕ್ಟರ್: ಒಳಗಿಂದ. ದೋಸೆ ಹಿಟ್ಟು ಹೆಂಗೆ ಹುದುಗು ಬರುತ್ತೆ? ಹಂಗೇ ಇವರ ಕರುಳಲ್ಲಿ ಹುದುಗಿನ ಸಂತಾನ ಜಾಸ್ತಿಯಾಗಿದೆ. ಅನ್ನ, ಬೆಲ್ಲ ಹೋದ ತಕ್ಷಣ ಕೆಲಸ ಶುರು ಮಾಡುತ್ತೆ. ಬಲು ಅಪರೂಪ. ಜಪಾನಲ್ಲಿ ಇಂಥವರು ಸಿಕ್ಕಿದಾರೆ ಅಂತ ಓದಿದ್ದೆ. ತಿಲಕ್ ನಗರದಲ್ಲೇ ಸಿಗ್ತಾರೆ ಅಂತ ಗೊತ್ತಿರಲಿಲ್ಲ.

ಸರ್ವಮಂಗಳಾ: ಅಷ್ಟೊಂದು ಜನರಲ್ಲಿ ಇವರ ಹೊಟ್ಟೇನೇ ಯಾಕೆ?

ಡಾಕ್ಟರ್ ಮೇಜಿನ ಮೇಲಿದ್ದ ಗಾಜಿನ ನಳಿಕೆ ಎತ್ತಿ ತೋರಿಸಿದರು. ಬೆಳಿಗ್ಗೆ ನೀಲಿ ದ್ರಾವಣಕ್ಕೆ ಶಾಂತವೀರಪ್ಪನವರ ಮೂತ್ರದ ಎಂಟು ಹನಿ ಹಾಕಿ ಕುದಿಸಿದ್ದರು. ಈಗ ಅದು ಕೆಂಪಗಿತ್ತು.

ಸರ್ವಮಂಗಳಾ: ಇಟ್ಟಿಗೆ ಬಣ್ಣ ಬಂದಿದೆ. ಒಳ್ಳೇದಾ?

ಡಾಕ್ಟರ್: ಮನೆ ಕಟ್ಟೋಕಾದ್ರೆ ಒಳ್ಳೇದು. ಇದು ಸಕ್ಕರೆ ಕಾಯಿಲೆ ತಾಯಿ. ಮೈಯಲ್ಲಿ ಸಕ್ಕರೆ ಏರಿದ್ರೆ ಹುದುಗಿಗೆ ಹಬ್ಬ. ಜೊತೆಗೆ, ಅದನ್ನ ಅಂಕೆಯಲ್ಲಿಡೋ ಒಳ್ಳೇ ಕ್ರಿಮಿಗಳು ಕರುಳಲ್ಲಿ ಇರುತ್ವೆ. ಇವರು ಕುರು ಆಗಿದೆ ಅಂತ ತಿಂಗಳುಗಟ್ಟಲೆ ಕ್ಯಾಪ್ಸೂಲ್ ನುಂಗಿದಾರೆ, ಅವೂ ಸತ್ತಿವೆ. ಸಕ್ಕರೆ ನೋಡದೆ ಅಷ್ಟು ದಿನ ಕ್ಯಾಪ್ಸೂಲ್ ಕೊಟ್ಟ ಪುಣ್ಯಾತ್ಮ ಯಾರು?

ಶಾಂತವೀರಪ್ಪ: ನೀವೇ ಡಾಕ್ಟ್ರೇ.

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

ಡಾಕ್ಟರ್: ಸರಿ. ಅನ್ನ ಎಷ್ಟು ತಿಂತಾರೆ?

ಸರ್ವಮಂಗಳಾ: ಹೊತ್ತಿಗೆ ಒಂದು ಪಾವು ಅಕ್ಕಿ. ವಾಸನೆ ಶುರುವಾದ ಮೇಲೆ ಹುಗ್ಗೀನೂ ಸೇರಿಸಿದೆ. ಹೊಟ್ಟೆ ತುಂಬಿದ್ರೆ ಹೊರಗಡೆ ಹೋಗಿ ಕುಡಿಯಲ್ಲ ಅಂತ.

ಡಾಕ್ಟರ್: ಅಯ್ಯೋ ತಾಯಿ! ಶಾಂತವೀರಪ್ಪನೋರೇ, ಜಾಸ್ತಿ ಅನ್ನಿಸಿದ್ರೆ ನೀವು ತಟ್ಟೇಲಿ ಸ್ವಲ್ಪ ಬಿಡಬಾರದಿತ್ತಾ?

ಶಾಂತವೀರಪ್ಪ: ಪೂಜೆ ಮಾಡಿ ಕೂತ ಮೇಲೆ ಅದು ಪ್ರಸಾದ. ಪ್ರಸಾದ ಬಿಡೋದುಂಟೇ? ತಟ್ಟೆ ತೊಳೆದು ಆ ನೀರನ್ನೂ ಕುಡೀತೀನಿ. ಆದರೆ ಡಾಕ್ಟ್ರೇ, ಅದು ಒಂದು ಪಾವಲ್ಲ.

ಸರ್ವಮಂಗಳಾ: ಏನಂದ್ರಿ?

ಶಾಂತವೀರಪ್ಪ: ಅದು… ನಿಮ್ಮಮ್ಮ ಕೊಟ್ಟ ಹಿತ್ತಾಳೆ ಪಾವು. ನೋಡೋಕೇ ಸ್ವಲ್ಪ ಧಾರಾಳವಾಗಿದೆ.

ಡಾಕ್ಟರ್: ಅಳೆದು ನೋಡಿದ್ರಾ?

ಶಾಂತವೀರಪ್ಪ: ಅತ್ತೆ ಕೊಟ್ಟ ಪಾವನ್ನ ಹೆಂಗ್ರೀ ಅಳೆಯೋದು?

ಡಾಕ್ಟರ್: ಜಯನಗರದ ಅಂಗಡಿಗಳ ಅಳತೆಯೆಲ್ಲ ತಿರುಗಿಸಿ ಸರ್ಕಾರಿ ಮುದ್ರೆ ನೋಡ್ತೀರಿ.

ಶಾಂತವೀರಪ್ಪ: ಆ ಅಂಗಡಿಯೋರು ಯಾರೂ ನನ್ನ ಅತ್ತೆ ಅಲ್ಲ.

ಸರ್ವಮಂಗಳಾ ಟ್ರಂಕಿನ ಮುಚ್ಚಳ ತೆಗೆದು, ಸೀರೆಗಳ ನಡುವೆ ಟವೆಲಿನಲ್ಲಿ ಸುತ್ತಿದ್ದ ಹಿತ್ತಾಳೆ ಪಾವನ್ನು ಮೇಜಿನ ಮೇಲೆ ಕುಕ್ಕಿದರು.

ಶಾಂತವೀರಪ್ಪ: ಇದನ್ನೂ ತಗೊಂಡು ಹೊರಟಿದ್ಯಾ?

ಸರ್ವಮಂಗಳಾ: ನಾನಿಲ್ಲದ ಮನೇಲಿ ಅಮ್ಮನ ಪಾವು ಯಾಕಿರ್ಬೇಕು? ಅಳೀರಿ. ನಮ್ಮಮ್ಮನ್ನ ಅನುಮಾನಿಸಿದ್ದು ಸುಳ್ಳಾದ್ರೆ, ಬಸ್ಸಿಗೆ ಇನ್ನೂ ಟೈಮಿದೆ.

ಶಾಂತವೀರಪ್ಪ ಪಾವನ್ನು ಮಗುಚಿ ತಳ ನೋಡಿದರು. ಮುದ್ರೆ ಇರಲಿಲ್ಲ. ಔಷಧಿ ಅಳೆಯುವ ಗಾಜಿನಿಂದ ಡಾಕ್ಟರು ನೀರು ಹುಯ್ಯುತ್ತಾ ಹೋದರು, ಇನ್ಸ್‌ಪೆಕ್ಟರು ಬಗ್ಗಿ ಎಣಿಸುತ್ತಾ ಹೋದರು. ಕಾಲು ನಡುಗುತ್ತಿದ್ದರೂ ಲೆಕ್ಕ ತಪ್ಪಲಿಲ್ಲ. ಒಂದು ಪಾವಿನಷ್ಟು ನೀರು ಹುಯ್ದರೂ ಅದು ತುಂಬಲಿಲ್ಲ. ಇನ್ನೂ ಅರ್ಧ ಪಾವು ಬೇಕಾಯಿತು.

ಶಾಂತವೀರಪ್ಪ: ಒಂದೂವರೆ ಪಾವು. ಸರಿಯಾಗಿ.

ಸರ್ವಮಂಗಳಾ: ಅಳಿಯನ ಹೊಟ್ಟೆಗೆ ಕಡಿಮೆ ಬೀಳಬಾರದು ಅಂತ ಅಮ್ಮ ಹೇಳಿ ಮಾಡಿಸಿದ್ಲು.

ಡಾಕ್ಟರ್: ದೊಡ್ಡ ಮನಸ್ಸು. ಇನ್ಮೇಲೆ ಹೊತ್ತಿಗೆ ಒಂದು ಹಿಡಿ ಅಕ್ಕಿ ಸಾಕು. ಹುಗ್ಗಿ ಇಲ್ಲ, ಬೆಲ್ಲ ಇಲ್ಲ. ಸೊಪ್ಪು, ತರಕಾರಿ ಜಾಸ್ತಿ. ನಾಳೆ ಖಾಲಿ ಹೊಟ್ಟೇಲಿ ಬನ್ನಿ, ರಕ್ತ ನೋಡಿ ಮಾತ್ರೆ ಬರೀತೀನಿ.

ಶಾಂತವೀರಪ್ಪ: ಮತ್ತೆ ತಿಪಟೂರು?

ಡಾಕ್ಟರ್: ಪಾವನ್ನ ಮಾತ್ರ ಬಸ್ ಹತ್ತಿಸಿ. ತಾಯೋರು ಇಲ್ಲೇ ಇರಲಿ.

ಸರ್ವಮಂಗಳಾ ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದರು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಗಂಡನ ತೋಳು. ಎದುರಿನ ಮರದ ಕೆಳಗೆ ಒಂದು ಆಟೋ ನಿಂತಿತ್ತು. ಶಾಂತವೀರಪ್ಪ ಹತ್ತುವಾಗ ಕಾಲು ಜಾರಿ ಡ್ರೈವರನ ಭುಜ ಹಿಡಿದುಕೊಂಡರು. ಡ್ರೈವರು ಮುಖ ಪಕ್ಕಕ್ಕೆ ತಿರುಗಿಸಿದ.

ಡ್ರೈವರ್: ಏನಕ್ಕಾ, ಭಾನುವಾರ ಮಟಮಟ ಮಧ್ಯಾಹ್ನಾನೇ ಯಜಮಾನ್ರು ಹಾಕ್ಬಿಟ್ಟವ್ರೆ? ಯಾವ ಅಂಗಡೀದು?

ಶಾಂತವೀರಪ್ಪ ಹೆಂಡತಿಯ ಮುಖ ನೋಡಿದರು. ಸರ್ವಮಂಗಳಾ ಟ್ರಂಕನ್ನು ಕಾಲ ಬಳಿ ಇಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕುಳಿತರು.

ಸರ್ವಮಂಗಳಾ: ನಮ್ಮ ಯಜಮಾನ್ರು ಅಂಗಡೀದು ಮುಟ್ಟಲ್ಲಪ್ಪ. ಮನೇದೇ. ನಾನೇ ಬಡಿಸಿದ್ದು. ನಡಿ.