ಮೊಣಕಾಲಿಗೊಂದು ವಿಮೆ

ಅರವತ್ತು ದಾಟಿದವರ ಮನೆಗೆ ರೋಗಕ್ಕಿಂತ ಮೊದಲು ವಿಮೆಯ ಏಜೆಂಟ್ ಬರುತ್ತಾನೆ. ಅವನ ಹಿಂದೆಯೇ ಒಂದಲ್ಲ ಒಂದು ನಗೆಯ ಪ್ರಸಂಗವೂ ಬರುತ್ತದೆ. ಗೋವಾದ ವೆರ್ಣಾದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದು, ಈಗ ನಿವೃತ್ತನಾಗಿ ಫಾತೋರ್ಡಾದಲ್ಲಿ ಆರಾಮಾಗಿರುವ ನನಗೆ ಈ ವರ್ಷ ಇದ್ದದ್ದು ಒಂದೇ ಚಿಂತೆ: ಹೆಂಡತಿಯ ಮೊಣಕಾಲು. ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ಸರ್ಕಾರಿ ಆರೋಗ್ಯ ಕಾರ್ಡು ಮಾಡಿಸುವುದೋ, ಖಾಸಗಿ ಪಾಲಿಸಿ ಕೊಳ್ಳುವುದೋ?

ಬೆಂಚಿನ ಆರೋಗ್ಯ

ಸಂಜೆ ಓಣಿಯ ಬೆಂಚಿನ ಮೇಲೆ ಕೂಡುವ ನಮಗೆಲ್ಲ ರೋಗವೇ ಆಸ್ತಿ. ಒಬ್ಬರು ಶುಗರ್ ಎಂದರೆ ಇನ್ನೊಬ್ಬರು, "ಅದೇನ್ ದೊಡ್ಡದ್ರಿ, ನನಗ ಶುಗರ್ರೂ ಐತಿ, ಬಿಪಿನೂ ಐತಿ" ಎಂದು ಎದೆ ಸೆಟೆಸುತ್ತಾರೆ. ಒಂದು ದಿನ ನಮ್ಮ ಬಾಗಲಕೋಟೆ ಕಡೆಯ ಏಜೆಂಟ್ ಬಂದು, "ಮೊದಲಿಂದ ಇರೋ ರೋಗಕ್ಕ ಕಂತು ಜಾಸ್ತಿ ಆಗ್ತೈತ್ರಿ" ಎಂದ. ಬೆಂಚಿಗೆ ಬೆಂಚೇ ಗುಣವಾಯಿತು! ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಗೆಳೆಯನಂತೂ ಮೂಗು ಒರೆಸಿಕೊಳ್ಳುತ್ತ, "ನನಗ ನೆಗಡಿನೂ ಬರೂದಿಲ್ಲೋ ತಮ್ಮಾ" ಎಂದುಬಿಟ್ಟ.

ಏಜೆಂಟ್ ಚೀಲ ಮುಚ್ಚಿದ. "ಹಂಗಾದ್ರ ನೀವೇ ನನಗೊಂದು ವಿಮಾ ಮಾಡಿಸ್ರಿ ಕಾಕಾ. ಬಿಸಿಲಾಗ ತಿರುಗಿ ತಿರುಗಿ ನನಗೇ ಬಿಪಿ ಬಂದೈತಿ."

ಪಣಜಿಯ ನರಳಾಟ

ಸರ್ಕಾರಿ ಕಾರ್ಡಿಗೆಂದು ನಾನೂ ಹೆಂಡತಿಯೂ ಪಣಜಿಗೆ ಹೊರಟಾಗ ಆ ಕ್ರೇನಿನ ಗೆಳೆಯನೂ ಬಂದ. ರೋಗ ಹೆಚ್ಚಿದ್ದರೆ ಕಾರ್ಡು ಬೇಗ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಬಸ್ಸಿನಿಂದ ಜಿಗಿದು ಇಳಿದವನು, ಕಚೇರಿಯ ಬಾಗಿಲಿಗೆ ಬರುತ್ತಲೇ ಗೋಡೆ ಹಿಡಿದು ನರಳತೊಡಗಿದ. ಖರೇ ಕುಂಟುತ್ತಿದ್ದ ನನ್ನ ಹೆಂಡತಿ, ಪಾಪ, ಅವನನ್ನು ನೋಡಿ ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದಳು: "ಅಜ್ಜಾ, ಗೋವಾದಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅನ್ನುವುದನ್ನಷ್ಟೇ ಇಲ್ಲಿ ನೋಡುತ್ತೇವೆ. ನರಳುವುದನ್ನು ಆಸ್ಪತ್ರೆಗೆ ಉಳಿಸಿಕೊಳ್ಳಿ."

ಎಸಿ ಕೋಣೆ

ಕಾರ್ಡೇನೋ ಕೈಗೆ ಬಂತು. ಆದರೂ ನನ್ನ ಮನಸ್ಸು ಖಾಸಗಿಯ ಕಡೆಗೇ. ಏಜೆಂಟನನ್ನು ಮನೆಗೆ ಕರೆಸಿ, ಚಹಾ ಕೊಟ್ಟು ಕೂಡಿಸಿದೆ.

"ಪ್ರತ್ಯೇಕ ಎಸಿ ಕೋಣಿ ಅವ್ವಾರ" ಎಂದ. "ಸಪ್ಪಳಿಲ್ಲ, ಮಂದಿ ಕಾಟಿಲ್ಲ. ಕಾಕಾ ಒಬ್ಬರೇ ಹಗಲೂ ರಾತ್ರಿ ನಿಮ್ಮ ಬಾಜೂಕ."

ಅಲ್ಲಿಯತನಕ ತಲೆಯಾಡಿಸುತ್ತಿದ್ದ ಹೆಂಡತಿ ಗಕ್ಕನೆ ನಿಲ್ಲಿಸಿದಳು.

"ಬಾಗಲಾ ಹಾಕಿರ್ತಾರೇನಪಾ?"

"ಹೌದ್ರಿ."

"ನನಗ ಎದ್ದು ಹೊರಗ ಹೋಗಾಕೂ ಬರೂದಿಲ್ಲಲ್ಲ?"

"ಕಾಲಿನ ಆಪರೇಷನ್ ಆಗಿರ್ತೈತಲ್ರಿ, ಎಲ್ಲಿ ಹೋಗ್ತೀರಿ?"

"ಹಂಗಾದ್ರ ಬ್ಯಾಡಪಾ. ಸರ್ಕಾರಿ ವಾರ್ಡೇ ಚಲೋ. ಅಲ್ಲಿ ಮಂದಿ ಭಾಳ ಇರ್ತಾರ. ಇವರ ಮಾತು ಎಲ್ಲಾರಿಗೂ ಹಂಚಿ ಹೋಗ್ತೈತಿ!"

ಗುಣವಾದವರು

ಕಾರ್ಡಿನಲ್ಲೇ ಆಪರೇಷನ್ ಆಯಿತು, ಚಲೋ ಆಯಿತು. ಭೇಟಿಯ ಹೊತ್ತಿನಲ್ಲಿ ನಾನು ಸ್ಟೂಲ್ ಎಳೆದುಕೊಂಡು, ಪಕ್ಕದ ಮಂಚದ ನಮ್ಮ ಕಡೆಯ ಅಜ್ಜಿಗೆ ಫ್ಯಾಕ್ಟರಿಯ ಕಥೆ ಶುರು ಮಾಡಿದೆ. ಹೊತ್ತು ಮುಗಿಯಿತು, ಕಥೆ ಮುಗಿಯಲಿಲ್ಲ. ಉಳಿದದ್ದನ್ನು ನಾಳೆ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ.

ಮರುದಿನ ಹೋದರೆ ಡಾಕ್ಟರು ವಾರ್ಡಿನಲ್ಲೇ ಇದ್ದರು. ನನ್ನನ್ನು ಕಂಡದ್ದೇ ಅಜ್ಜಿ ದಡಕ್ಕನೆ ಎದ್ದು ಕೂತಳು. "ಡಾಕ್ಟರ್ ಸಾಹೇಬ್ರ, ನನಗ ಪೂರಾ ಆರಾಮಾಗೈತಿ. ಈಗಿಂದೀಗ ಮನಿಗೆ ಕಳಸ್ರಿ!"

ಡಾಕ್ಟರು ಬೆರಗಾದರು. "ನಿನ್ನೆ ಮಗ್ಗಲು ಬದಲಿಸಲಿಕ್ಕೂ ಆಗುತ್ತಿರಲಿಲ್ಲವಲ್ಲ! ಯಾವ ಔಷಧ ಕೊಟ್ಟರು?"

ನನ್ನ ಹೆಂಡತಿ ಮಲಗಿದಲ್ಲಿಂದಲೇ ನನ್ನ ಕಡೆ ಬೆರಳು ತೋರಿಸಿದಳು.