ಬಾಯಿಪಾಠ ಬಾರದ ಕಣ್ಣು

ಪರೀಕ್ಷೆ ಎಂದರೆ ನನಗೆ ಗೊತ್ತಿರುವುದು ಒಂದೇ ವಿದ್ಯೆ, ಉರು ಹೊಡೆಯುವುದು. ಗಣಿತದ ಪ್ರಮೇಯಗಳನ್ನೂ ಉರು ಹೊಡೆದೇ ಪಾಸಾದವನು ನಾನು. ಡಬ್ಲಿನ್ನಿಗೆ ಬಂದು ಡ್ರೈವಿಂಗ್ ಥಿಯರಿಯನ್ನೂ ಹಾಗೆಯೇ ದಾಟಿದೆ. ನಮ್ಮ ಕಡೆಯವರು ದೇಶ ಬಿಟ್ಟರೂ ಈ ಚಾಳಿ ಬಿಡುವುದಿಲ್ಲ. ಆದರೆ ಕಣ್ಣಿನ ಪರೀಕ್ಷೆಯಲ್ಲೂ ಅದನ್ನೇ ಮಾಡುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ.

ಈ ಚಳಿಗಾಲ ನನ್ನ ಎಡಗಣ್ಣಿನ ರೆಟಿನಾ, ಒದ್ದೆ ಗೋಡೆಯ ವಾಲ್‌ಪೇಪರಿನ ಹಾಗೆ, ಕಿತ್ತುಕೊಂಡು ಬಂತು. ಆಪರೇಷನ್ ಮಾಡಿ ಅಂಟಿಸಿದರು. ಒಳಗೆ ಬಿಟ್ಟ ಗ್ಯಾಸಿನ ಗುಳ್ಳೆ ಅದನ್ನು ಒತ್ತಿ ಹಿಡಿಯಲೆಂದು ನನ್ನನ್ನು ಬೋರಲು ಮಲಗಿಸಿದರು. ನೋಡಲು ಬಂದ ಕನ್ನಡ ಬಳಗದವರೆಲ್ಲ ನನ್ನ ಬೆನ್ನಿನೊಂದಿಗೆ ಮಾತಾಡಿ ಕಾಫಿ ಕುಡಿದು ಹೋದರು. ನಾನು ಅವರನ್ನು ಸಾಕ್ಸಿನಿಂದಲೇ ಗುರುತು ಹಿಡಿದೆ. ನಮ್ಮ ಆಫೀಸಿನ ಐರಿಷ್ ಗೆಳೆಯರು ಫೋನಿನಲ್ಲಿ 'ಗ್ರ್ಯಾಂಡ್, ಗ್ರ್ಯಾಂಡ್' ಎಂದರು, ಅಂದರೆ ಎಲ್ಲ ಸರಿಯಾಗಿದೆ ಎಂದು. ಅವರಿಗೆ ಮಳೆಯೂ ಗ್ರ್ಯಾಂಡ್, ಮುರಿದ ಕಾಲೂ ಗ್ರ್ಯಾಂಡ್. ಗುಳ್ಳೆ ಕರಗಿದ ಮೇಲೂ ಆ ಕಣ್ಣಿಗೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತಿತ್ತು, ಬಣ್ಣಗಳೆಲ್ಲ ತೊಳೆದು ಹೋದಂತಿದ್ದವು. ನನಗೆ ಸಾಕಾಗಿ ಹೋಗಿತ್ತು. ಈ ಕಣ್ಣು ಇಷ್ಟೇ ಆಗಿಬಿಟ್ಟರೆ ಎಂಬ ಭಯವನ್ನು ಹೆಂಡತಿ ಸುಮಾಳಿಗೂ ಹೇಳಿರಲಿಲ್ಲ.

ತಪಾಸಣೆಗೆ ಹೋದಾಗ ಮೊದಲು ಬಲಗಣ್ಣಿನಲ್ಲಿ ಅಕ್ಷರಗಳ ಚಾರ್ಟ್ ಓದಿಸಿದರು. ಓದುತ್ತಾ ಓದುತ್ತಾ ಬಾಯಿಪಾಠವಾಗಿಬಿಟ್ಟಿತು. ಆ ಕಣ್ಣು ಮುಚ್ಚಿಸಿದಾಗ ಎದುರಿಗೆ ಬರೀ ಮಂಜು. ನಾಲಿಗೆ ಮಾತ್ರ ಕೊನೆಯ ಸಾಲಿನವರೆಗೂ ತಡವರಿಸದೆ ಓಡಿತು. ಪಕ್ಕದಲ್ಲಿ ಸುಮಾ ನೆಮ್ಮದಿಯ ಉಸಿರು ಬಿಟ್ಟಳು. ಡಾಕ್ಟರಮ್ಮ ಚಾರ್ಟ್ ಬದಲಾಯಿಸಿ ಕನ್ನಡದಲ್ಲೇ ಹೇಳಿದರು.

"ಸರ್, ನಾನೂ ದಾವಣಗೆರೇಲಿ ಓದಿದೋಳು. ಉರು ಹೊಡೆದಿದ್ದು ಗೊತ್ತಾಗುತ್ತೆ. ಈಗ ಹೇಳಿ."

ಈಗ ಕಂಡದ್ದು ಮೇಲಿನ ಒಂದೇ ದಪ್ಪ ಅಕ್ಷರ, ಅದೂ ಸೊಂಟ ಮುರಿದುಕೊಂಡು ನಿಂತಿತ್ತು.

"ಇದು ನಿಜವಾದ ಮಾರ್ಕ್ಸ್," ಎಂದರು ಡಾಕ್ಟರಮ್ಮ. "ರೆಟಿನಾ ಚೆನ್ನಾಗಿ ಅಂಟಿದೆ. ಆದ್ರೆ ಕಿತ್ತು ಬಂದಾಗ ಬೆಳಕು ಹಿಡಿಯೋ ಜೀವಕೋಶಗಳ ತುದಿ ಹಾಳಾಗಿರುತ್ತೆ, ಅದು ಮತ್ತೆ ಬೆಳೀಬೇಕು. ಬಣ್ಣ, ಸಣ್ಣ ಅಕ್ಷರ ನೋಡೋ ಕೋಶಗಳು ಇನ್ನೂ ನಿಧಾನ. ತಿಂಗಳುಗಟ್ಟಲೆ ಕಾಯ್ಬೇಕು. ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ. ನೀವು ಸುಳ್ಳು ಹೇಳಿದ್ರೆ ಬೆಳೀತಿದೆಯೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು?"

ವಾಪಸು ಬರುವಾಗ ಟ್ರಾಮಿನಲ್ಲಿ ಸುಮಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು.

"ನಿಂಗೆ ಭಯ ಆಗಬಾರದು ಅಂತ ಹಾಗೆ ಮಾಡ್ದೆ," ಎಂದೆ.

"ನಂಗೆ ಆಗಲೇ ಭಯ ಆಗಿದೆ. ಬಲಗಣ್ಣು ಮುಚ್ಕೊಳ್ಳಿ. ನಾನು ಕಾಣ್ತೀನಾ?"

"ಕಾಣ್ತೀಯ. ಚೆನ್ನಾಗೇ ಕಾಣ್ತೀಯ."

"ನನ್ನ ಮುಖ ನಿಮಗೆ ಬಾಯಿಪಾಠ ಕಣ್ರೀ. ಹಾಕ್ಕೊಂಡಿರೋ ಸ್ವೆಟರ್ ಯಾವ ಬಣ್ಣ, ಅದು ಹೇಳಿ."

ಬೂದು ಎಂದೆ. ಹಸಿರಂತೆ. ಅವಳ ಸಿಟ್ಟು ಅಲ್ಲಿಗೇ ಇಳಿಯಿತು. "ಪಾಪ, ಕೋಶಗಳು ಇನ್ನೂ ಬೆಳೀಬೇಕಲ್ಲ," ಎಂದು ನನ್ನ ಕೈ ಹಿಡಿದುಕೊಂಡಳು. ಬೆಳಿಗ್ಗೆಯಿಂದ ನೆಟ್ಟಗಿರುವ ಬಲಗಣ್ಣಿನ ಎದುರಿಗೇ ಆ ಸ್ವೆಟರ್ ಓಡಾಡುತ್ತಿದ್ದರೂ ಅದರ ಬಣ್ಣವನ್ನು ನಾನು ಗಮನಿಸಿಯೇ ಇರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ, ನಾನೂ ಬಾಯಿ ಬಿಡಲಿಲ್ಲ.