ಒಡಕು ದನಿಗೆ ಬೆಸುಗೆ

ಬೆಳಗ್ಗೆ ಒಂಬತ್ತಕ್ಕೆ ಗುಡುಗಪ್ಪನ ಗಿಟಾರಿನ ಮೂರನೇ ತಂತಿ ಟಣ್ ಎಂದು ಕಡಿಯಿತು. ತಂತಿ ಕಡಿಯುವುದು ಹೊಸದೇನಲ್ಲ. ಅಂದೇ ಕಡಿದದ್ದು ಅವನ ಗ್ರಹಚಾರ.

ಗುಡುಗಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವನ ಹೊಟ್ಟೆಪಾಡು, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಅವನ ಪ್ರಾಣ. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಳೇ ಹಾಸಿಗೆ ಬಡಿದು ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದ. ಒಳಗೆ ಒಂದು ಗಿಟಾರು, ಒಂದು ಆಂಪ್ಲಿಫೈಯರು, ಒಂದು ಮೈಕು, ಒಂದು ಮುದಿ ಕಂಪ್ಯೂಟರು. ಇವೆಲ್ಲದರ ಜೀವ ಮಾತ್ರ ಸೋಪಿನ ಡಬ್ಬಿಯಷ್ಟಿದ್ದ ಒಂದು ಪೆಡಲಿನಲ್ಲಿತ್ತು. ಅದನ್ನು ಕಾಲಿನಿಂದ ಒತ್ತಿದರೆ ಗಿಟಾರಿನ ಸಣ್ಣ ದನಿ ಒಡೆದು ಗರ್ಜನೆಯಾಗಿ ಹೊರಬರುತ್ತಿತ್ತು. ಮೆಟಲ್ ಎಂದರೆ ಆ ಒಡಕೇ.

ಊರಿನ ದೊಡ್ಡ ತಂಡವೊಂದಕ್ಕೆ ಎರಡನೇ ಗಿಟಾರಿನವನು ಬೇಕಾಗಿದ್ದ. ಮಧ್ಯಾಹ್ನ ಮೂರರೊಳಗೆ ಎರಡು ನಿಮಿಷ ನುಡಿಸಿ ರೆಕಾರ್ಡ್ ಮಾಡಿ ಕಳಿಸಬೇಕು. ಆರು ವರ್ಷದಿಂದ ಬರೀ ಹಾಸಿಗೆಗಳಿಗೆ ಕಚೇರಿ ಕೊಟ್ಟು ಬೇಸತ್ತಿದ್ದ ಗುಡುಗಪ್ಪ, ಅಂಗಡಿಯ ಯಜಮಾನರಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ರಜೆ ಹಾಕಿದ್ದ.

"ಅಮ್ಮಾ, ತಂತಿ ತರೋಕೆ ಹೋಗ್ತಿದ್ದೀನಿ. ಆ ಕೋಣೆಗೆ ಯಾರನ್ನೂ ಬಿಡಬೇಡ," ಎಂದು ಹೇಳಿ ಓಡಿದ.

ಅಮ್ಮ ಯಾರನ್ನೂ ಬಿಡಲಿಲ್ಲ. ಪಕ್ಕದ ಮನೆಯ ರೇಡಿಯೋ ಮಾಮ 'ಯಾರೋ' ಅಲ್ಲವಲ್ಲ! ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ಈಗ ಬಿಡುವಾಗಿದ್ದ ಹಿರಿಯರು. ಕೆಟ್ಟ ಸಾಮಾನು ಕಂಡರೆ ಅವರ ಕೈ ಸುಮ್ಮನಿರದು.

ಗುಡುಗಪ್ಪ ತಂತಿ ಹಿಡಿದು ಬಂದಾಗ ಹನ್ನೊಂದೂವರೆ. ಸ್ಟುಡಿಯೋದಲ್ಲಿ ಬೆಸುಗೆಯ ಹೊಗೆ. ಮಾಮ ಪೆಡಲಿನ ಕೊನೆಯ ಸ್ಕ್ರೂ ಬಿಗಿಯುತ್ತಿದ್ದರು.

"ಬಾರಪ್ಪ! ಆರು ವರ್ಷದಿಂದ ಗೋಡೆಯಾಚೆ ಕೇಳಿಸ್ಕೊಂಡು ಕರುಳು ಚುರ್ ಅಂತಿತ್ತು ಕಣೋ. ಪಾಪ, ಕೆಟ್ಟಿರೋ ಸಾಮಾನಲ್ಲೇ ಒದ್ದಾಡ್ತಿದ್ದಾನೆ, ನಾಚಿಕೆಗೆ ಹೇಳ್ತಿಲ್ಲ ಅಂತ. ಇವತ್ತು ಬಿಚ್ಚಿ ನೋಡ್ದೆ. ಎರಡು ಡಯೋಡು ಇರಬಾರದ ಜಾಗದಲ್ಲಿ ಕೂತು ದನಿಯ ತಲೆನೂ ಕಾಲೂ ಕತ್ತರಿಸ್ತಿದ್ವು. ಕಿತ್ತು ಬಿಸಾಕ್ದೆ!"

ಗುಡುಗಪ್ಪ ತಂತಿ ಏರಿಸಿ ಮೀಟಿದ. 'ಟಿಣಿಂಗ್' ಎಂದಿತು. ಪೆಡಲು ತುಳಿದ. ಇನ್ನೂ ಇಂಪಾಗಿ 'ಟಿಣಿಂಗ್' ಎಂದಿತು.

"ಮಾಮ, ಅದು ಕೆಟ್ಟಿರಲಿಲ್ಲ. ಅದು ಹಾಗೇ ಇರ್ಬೇಕು!"

"ಕೆಟ್ಟೋರೆಲ್ಲ ಹೇಳೋದು ಅದನ್ನೇ."

ಅಷ್ಟರಲ್ಲಿ ಮಹಡಿ ಮನೆಯ ಟೀಚರು ಇಳಿದು ಬಂದರು. "ಅಬ್ಬಾ, ಈಗ ಎಷ್ಟು ಚೆನ್ನಾಗಿದೆ! ಒಂದು ಲಾಲಿ ಹಾಡು ನುಡಿಸಪ್ಪ, ಮೊಮ್ಮಗು ಮಲಗಬೇಕು." ಗುಡುಗಪ್ಪನಿಗೆ ಅಳು ಬಂತು. ಟೀಚರು ಅದನ್ನು ಸಂತೋಷವೆಂದುಕೊಂಡು ಬೆನ್ನು ತಟ್ಟಿ ಹೋದರು.

ಆ ಒಡಕನ್ನು ಹುಟ್ಟಿಸುವ ತಂತ್ರಾಂಶ ಕಂಪ್ಯೂಟರಿನಲ್ಲೂ ಇತ್ತು, ಆದರೆ ಅದನ್ನು ತೆರೆದರೆ ಆ ಮುದಿ ಯಂತ್ರ ಧ್ಯಾನಕ್ಕೆ ಕೂತುಬಿಡುತ್ತಿತ್ತು. ಗುಡುಗಪ್ಪ ಎರಡು ಗಂಟೆ ಅದರ ಜೊತೆ ಗುದ್ದಾಡಿ, ಸೋತು ಮಾಮನಿಗೆ ಕೈಮುಗಿದ. "ಮಾಮ, ಆ ಡಯೋಡು ವಾಪಸ್ ಹಾಕಿ."

"ಕೈಯಾರೆ ಕೆಡಿಸು ಅಂತೀಯಾ?" ಮಾಮನ ಮುಖ ಕೆಂಪಾಯಿತು. "ನಲವತ್ತು ವರ್ಷದಲ್ಲಿ ಒಂದು ಸಾಮಾನೂ ಕೆಡಿಸಿದೋನಲ್ಲ ನಾನು. ಆಗಲ್ಲ."

ಮಗನ ಮುಖ ನೋಡಲಾರದೆ ಅಮ್ಮ ಬಾಯಿ ಹಾಕಿದಳು. "ಅಲ್ಲ ಅಣ್ಣಾ, ಇವನಿಗೆ ಒಡಕು ದನೀನೇ ಬೇಕಂತೆ. ನಿಮ್ಮನೇಲಿ ಕರಕರ ಅನ್ನೋ ದೊಡ್ಡ ರೇಡಿಯೋ ಒಂದಿದೆಯಲ್ಲ?"

ಮಾಮ ತಲೆ ತಗ್ಗಿಸಿದರು. ಊರಿನ ರೇಡಿಯೋಗಳನ್ನೆಲ್ಲ ಗುಣಪಡಿಸಿದವರಿಗೆ ಸ್ವಂತ ರೇಡಿಯೋ ಮಾತ್ರ ಇಪ್ಪತ್ತು ವರ್ಷದಿಂದ ಬಗ್ಗಿರಲಿಲ್ಲ. ರೋಗ ಎಲ್ಲಿದೆ ಎಂಬುದೇ ಸಿಕ್ಕಿರಲಿಲ್ಲ. "ತಗೊಂಡು ಹೋಗು. ನಾನು ಸೋತಿದ್ದು ಬೀದೀಲಿ ಸಾರಬೇಡ," ಎಂದರು.

ಮೂವರೂ ಸೇರಿ ಮರದ ಆ ಪೆಟ್ಟಿಗೆಯನ್ನು ಹೊತ್ತು ತಂದಾಗ ಎರಡೂಕಾಲು. ಗುಡುಗಪ್ಪ ಗಿಟಾರಿನ ವೈರನ್ನು ಅದರ ಬೆನ್ನಿಗೆ ಸಿಕ್ಕಿಸಿ, ಎದುರು ಮೈಕು ನಿಲ್ಲಿಸಿ ಮೀಟಿದ. ಗೋಡೆಯ ಹಾಸಿಗೆಗಳು ಅದುರಿದವು! ಎಂಥ ಗರ್ಜನೆ! ಕಳೆದುಕೊಂಡ ಪೆಡಲು ಇದರ ಮುಂದೆ ಬೆಕ್ಕಿನ ಮರಿ.

ಆಶ್ಚರ್ಯವೆಂದರೆ ಮಾಮ ಎದ್ದು ಹೋಗಲಿಲ್ಲ. ರೇಡಿಯೋದ ಸ್ಪೀಕರಿಗೆ ಹೊದಿಸಿದ ಬಟ್ಟೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೂತರು.

"ಆ ದಪ್ಪ ತಂತಿ ಇನ್ನೊಂದ್ಸಲ ನುಡಿಸು," ಎಂದರು. ನುಡಿಸಿದ. "ಇನ್ನೂ ಜೋರಾಗಿ!" ನುಡಿಸಿದ. "ಆಹಾ!" ಎಂದರು.

ಕೊನೆಗೂ ಒಬ್ಬ ರಸಿಕ ಸಿಕ್ಕನೆಂದು ಗುಡುಗಪ್ಪನ ಎದೆ ತುಂಬಿತು. ಆ ಹುರುಪಿನಲ್ಲೇ ಎರಡು ನಿಮಿಷ ಒಂದೇ ಉಸಿರಿಗೆ ನುಡಿಸಿ, ಹಳೇ ರೇಡಿಯೋ ಪೆಟ್ಟಿಗೆಯಲ್ಲಿ ನುಡಿಸಿದ್ದು ಎಂದು ಬರೆದು, ಮೂರಕ್ಕೆ ಐದು ನಿಮಿಷ ಇರುವಾಗ ಕಳಿಸಿದ. ಮಾಮನ ರೇಡಿಯೋವನ್ನು ಜೋಪಾನವಾಗಿ ಅವರ ಮನೆಗೆ ಮುಟ್ಟಿಸಿದ.

ನಾಲ್ಕೂವರೆಗೆ ತಂಡದ ಮುಖ್ಯಸ್ಥನ ಫೋನು ಬಂತು.

"ನೋಡಿ, ನುಡಿಸೋರು ನಲವತ್ತು ಜನ ಇದ್ದಾರೆ. ನಿಮ್ಮ ಕೈ ಸಾಧಾರಣ. ಆದ್ರೆ ಆ ಸದ್ದು ಇದೆಯಲ್ಲ, ಅದನ್ನ ನಾವು ಎಲ್ಲೂ ಕೇಳಿಲ್ಲ! ಅದಕ್ಕೇ ನಿಮ್ಮನ್ನ ಆರಿಸಿದ್ವಿ. ಆರು ಗಂಟೆಗೆ ಅಭ್ಯಾಸ. ಆ ಪೆಟ್ಟಿಗೆ ಸಮೇತ ಬನ್ನಿ. ಅದಿಲ್ಲದೆ ಮಾತ್ರ ಬರಬೇಡಿ."

ಗುಡುಗಪ್ಪ ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ರೇಡಿಯೋ ಕೇಳಿದರೆ ಮಾಮನಂಥ ರಸಿಕರು ಇಲ್ಲವೆನ್ನುವರೇ? ಚಪ್ಪಲಿ ಮೆಟ್ಟದೆ ಪಕ್ಕದ ಮನೆಗೆ ಓಡಿದ.

ಒಳಗೆ ಯಾರೋ ವಾರ್ತೆ ಓದುತ್ತಿದ್ದರು, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ. ಮಾಮ ಬಾಗಿಲಿಗೆ ಬಂದು ಅವನನ್ನು ಬಾಚಿ ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಬೆರಳ ತುದಿಗೆ ಅಂಟು ಮೆತ್ತಿತ್ತು.

"ಸ್ಪೀಕರಿನ ಕಾಗದದಲ್ಲಿ ಕೂದಲೆಳೆಯಷ್ಟು ಸೀಳು ಕಣೋ! ಇಪ್ಪತ್ತು ವರ್ಷ ನನಗೆ ಸಿಗ್ಲಿಲ್ಲ. ವಾರ್ತೆಗೆ ಬರೀ ಗೊಣಗ್ತಿತ್ತು, ನಿನ್ನ ದಪ್ಪ ತಂತಿಗೆ ಬಾಯಿ ಬಿಟ್ಟು ತೋರಿಸ್ತು. ಅಂಟು ಹಾಕಿದ್ದೀನಿ, ಇನ್ನು ಈ ಜನ್ಮದಲ್ಲಿ ಬಿರುಕು ಬಿಡಲ್ಲ. ನಿನ್ನ ಸಂಗೀತದಿಂದ ಏನುಪಯೋಗ ಅಂತಿದ್ದೆ, ತಪ್ಪಾಯ್ತು ಮಗನೇ!"

ಗುಡುಗಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಿವಿಗಿಟ್ಟ.

"ಹೊರಟ್ರಾ?" ಎಂದಿತು ಮುಖ್ಯಸ್ಥನ ದನಿ. "ಪೆಟ್ಟಿಗೆ ಹುಷಾರು. ದಾರೀಲಿ ಯಾರ ಕೈಗೂ ಕೊಡಬೇಡಿ."